ಬುದ್ಧಿ ಅಳೆದರು, ಹಕ್ಕು ಕಿತ್ತರು

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಫ್ರೆಡಿ ಲೀ ಹಾಲ್ ಎಂಬ ಕೈದಿಗೆ 1978ರ ಕೊಲೆಯೊಂದರ ಪ್ರಕರಣದಲ್ಲಿ ಮರಣದಂಡನೆ ಆಗಿತ್ತು. ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಆ ಶಿಕ್ಷೆ ಕೊಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತ್ತು. ಆದರೆ ಯಾರಿಗೆ ಅಂಥ ವೈಕಲ್ಯ ಇದೆ ಎಂದು ತೀರ್ಮಾನಿಸುವ ಕೆಲಸವನ್ನು ರಾಜ್ಯಗಳಿಗೇ ಬಿಟ್ಟಿತ್ತು. ಫ್ಲಾರಿಡಾ 70ಕ್ಕೆ ಗೆರೆ ಎಳೆಯಿತು. ಐಕ್ಯೂ, ಅಂದರೆ ಬುದ್ಧಿ ಪರೀಕ್ಷೆಯ ಅಂಕ, ಅಷ್ಟು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಮುಂದಿನ ಸಾಕ್ಷ್ಯ ಕೇಳುತ್ತೇವೆ, ಒಂದಂಕ ಹೆಚ್ಚಿದ್ದರೂ ಕೇಳುವುದಿಲ್ಲ ಎಂದಿತು. ಹಾಲ್‌ನ ಪರ ವಕೀಲರು ತೋರಿಸಿದ ಅಂಕ 71. ಚಿಕ್ಕಂದಿನಲ್ಲಿ ಶಿಕ್ಷಕರು ಅವನ ಬಗ್ಗೆ ಮತ್ತೆ ಮತ್ತೆ ಬರೆದಿಟ್ಟದ್ದು ಯಾವುದೂ ಲೆಕ್ಕಕ್ಕೆ ಬರಲಿಲ್ಲ.

2014ರಲ್ಲಿ ಈ ನಿಯಮವನ್ನು ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ತಳ್ಳಿಹಾಕಿತು. ಕಾರಣ ಸರಳ. ಐಕ್ಯೂ ಪರೀಕ್ಷೆ ಒಂದೇ ನಿಖರ ಸಂಖ್ಯೆ ಕೊಡುವ ಉಪಕರಣವಲ್ಲ. ಒಬ್ಬನೇ ಮನುಷ್ಯ ಬೇರೆ ಬೇರೆ ದಿನ ಬರೆದರೆ ಅಂಕ ಐದರಷ್ಟು ಅತ್ತಿತ್ತ ಆಗಬಹುದು. ಪರೀಕ್ಷೆ ತಯಾರಿಸಿದವರೇ ಇದನ್ನು ಹೇಳುತ್ತಾರೆ. ಎರಡು ವರ್ಷದ ಮೇಲೆ ಹಾಲ್‌ನ ಶಿಕ್ಷೆ ಜೀವಾವಧಿಗೆ ಇಳಿಯಿತು.

ಮರಣದಂಡನೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಶಾಲೆಯ ಕೋಣೆಗೆಂದು ಹುಟ್ಟಿದ ಸಂಖ್ಯೆಯೊಂದು ಬದುಕು ಸಾವಿನ ಬಾಗಿಲವರೆಗೆ ಹೇಗೆ ನಡೆದು ಬಂತು ಎಂಬುದು ನನ್ನ ಕುತೂಹಲ. ಅದರಲ್ಲೂ ಈ 70 ಎಲ್ಲಿಂದ ಬಂತು? ಪರೀಕ್ಷೆಯ ಸರಾಸರಿಯನ್ನು 100 ಎಂದು ಇಟ್ಟುಕೊಂಡು, ಅಲ್ಲಿಂದ ಹದಿನೈದರ ಎರಡು ಹೆಜ್ಜೆ ಕೆಳಗಿಳಿದರೆ 70. ಎರಡೇ ಹೆಜ್ಜೆ ಏಕೆ ಎಂದರೆ ತಜ್ಞರು ಕೂತು ಹಾಗೆ ಒಪ್ಪಿಕೊಂಡರು, ಅಷ್ಟೇ. ಈ ಕ್ಷೇತ್ರದ ಅಮೆರಿಕನ್ ವೃತ್ತಿಸಂಘ 1960ರ ದಶಕದಲ್ಲಿ ಒಂದೇ ಹೆಜ್ಜೆ ಸಾಕು ಎನ್ನುತ್ತಿತ್ತು, ಅಂದರೆ 85. ಆ ಲೆಕ್ಕದಲ್ಲಿ ಜನಸಂಖ್ಯೆಯ ಸುಮಾರು ಶೇ 16ರಷ್ಟು ಮಂದಿ ಗೆರೆಯ ಕೆಳಗೆ. 1973ರಲ್ಲಿ ಗೆರೆಯನ್ನು 70ಕ್ಕೆ ಸರಿಸಿದಾಗ ಆ ಪಾಲು ಶೇ 2ರ ಆಸುಪಾಸಿಗೆ ಬಂತು. ಯಾರ ಮಿದುಳೂ ಬದಲಾಗಲಿಲ್ಲ, ಔಷಧಿ ಕೊಡಲಿಲ್ಲ. ಕೈಪಿಡಿಯ ಹೊಸ ಮುದ್ರಣ ಬಂತು, ಲಕ್ಷಾಂತರ ಮಂದಿ ಕಾಗದದ ಮೇಲೆ ಗುಣವಾದರು.

ಮೊದಲ ಪರೀಕ್ಷೆ ಮಾಡಿದ ಆಲ್ಫ್ರೆಡ್ ಬಿನೆಯ ಉದ್ದೇಶ ಇದಾಗಿರಲಿಲ್ಲ. ಫ್ರಾನ್ಸಿನಲ್ಲಿ ಕಡ್ಡಾಯ ಶಿಕ್ಷಣ ಬಂದು ಎಲ್ಲ ಬಗೆಯ ಮಕ್ಕಳೂ ತರಗತಿಗೆ ಬರತೊಡಗಿದ್ದ ಕಾಲ. ಹೆಚ್ಚು ನೆರವು ಬೇಕಾದ ಮಕ್ಕಳನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆ ಸರ್ಕಾರದ ಮುಂದಿತ್ತು. 1905ರಲ್ಲಿ ಬಿನೆ ಮತ್ತು ಅವನ ಸಹೋದ್ಯೋಗಿ ತಿಯೊಡೋರ್ ಸಿಮೋನ್ ಮೂವತ್ತು ಚಿಕ್ಕ ಚಿಕ್ಕ ಕೆಲಸಗಳ ಪಟ್ಟಿ ಕೊಟ್ಟರು. ಬುದ್ಧಿ ಎಂದರೆ ಹೆಚ್ಚಾಗದ, ಹುಟ್ಟಿನಿಂದಲೇ ನಿಗದಿಯಾದ ಪ್ರಮಾಣ ಎನ್ನುವವರನ್ನು ಬಿನೆ ಕಟುವಾಗಿ ಖಂಡಿಸಿದ್ದ. 1911ರಲ್ಲಿ ಆತ ತೀರಿಕೊಂಡ. ಮರುವರ್ಷವೇ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು, ಅಂದರೆ ಪರೀಕ್ಷೆಯಲ್ಲಿ ಮಗು ಎಷ್ಟು ವಯಸ್ಸಿನವರ ಮಟ್ಟ ಮುಟ್ಟಿತು ಎಂಬುದನ್ನು, ನಿಜ ವಯಸ್ಸಿನಿಂದ ಭಾಗಿಸುವ ಸೂತ್ರ ಸೂಚಿಸಿದ. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಅದನ್ನು ನೂರರಿಂದ ಗುಣಿಸಿ ಜನಪ್ರಿಯಗೊಳಿಸಿದ. ಯಾವ ಮಗುವಿಗೆ ಏನು ಕಲಿಸಬೇಕು ಎಂದು ಕೇಳುತ್ತಿದ್ದ ಪರೀಕ್ಷೆ, ಈ ಮಗು ಯಾವ ದರ್ಜೆಯದು ಎಂದು ಕೇಳತೊಡಗಿತು.

ಅದನ್ನು ಅಮೆರಿಕಕ್ಕೆ ಒಯ್ದ ಹೆನ್ರಿ ಗೊಡಾರ್ಡ್‌ಗಂತೂ ನೆರವಿಗಿಂತ ಬೇರ್ಪಡಿಸುವುದರಲ್ಲೇ ಆಸಕ್ತಿ. ಮಾನಸಿಕ ವಯಸ್ಸು ಮೂರರೊಳಗಿನವರಿಗೆ ಒಂದು ಹೆಸರು, ಏಳರವರೆಗೆ ಇನ್ನೊಂದು, ಎಂಟರಿಂದ ಹನ್ನೆರಡರವರಿಗೆ ಮತ್ತೊಂದು. ಈ ಕೊನೆಯ ಗುಂಪು ನೋಡಲು ಎಲ್ಲರಂತೆ ಇರುವುದರಿಂದ ಹೆಚ್ಚು ಅಪಾಯಕಾರಿ ಎಂದು ಅವನು ನಂಬಿದ್ದ. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯ ಸುಮಾರು 17 ಲಕ್ಷ ಮಂದಿಗೆ ಬುದ್ಧಿ ಪರೀಕ್ಷೆ ಮಾಡಿತು. ಬಿಳಿಯ ಸೈನಿಕರ ಸರಾಸರಿ ಮಾನಸಿಕ ವಯಸ್ಸು ಹದಿಮೂರರ ಸುತ್ತ ಬಂತು. ಗೊಡಾರ್ಡ್‌ನ ಅಳತೆಯನ್ನೇ ಹಿಡಿದರೆ ದೇಶ ಕಾಯಲು ಹೊರಟವರಲ್ಲಿ ಅರ್ಧದ ಹತ್ತಿರ ಹತ್ತಿರ 'ಮಂದಬುದ್ಧಿ'ಯವರು. ಇಂಥ ಫಲಿತಾಂಶ ಬಂದರೆ ಯಾರಿಗಾದರೂ ಅಳತೆಗೋಲಿನ ಮೇಲೆ ಅನುಮಾನ ಬರಬೇಕು. ಅಂದಿನ ಬಹುಪಾಲು ಪಂಡಿತರಿಗೆ ಜನಾಂಗದ ಮೇಲೆ ಅನುಮಾನ ಬಂತು. ಬುದ್ಧಿ ಕುಸಿಯುತ್ತಿದೆ, ಕೂಡಲೇ ಏನಾದರೂ ಮಾಡಬೇಕು ಎಂದು ಗಾಬರಿಬಿದ್ದರು.

ಆ 'ಏನಾದರೂ' ಏನಾಯಿತು ಎಂಬುದಕ್ಕೆ ಕ್ಯಾರಿ ಬಕ್ ಎಂಬ ಹುಡುಗಿಯ ಪ್ರಕರಣ ನೋಡಬೇಕು. ವರ್ಜೀನಿಯಾದಲ್ಲಿ ಸಾಕುಮನೆಯಲ್ಲಿ ಬೆಳೆದವಳು. ಶಾಲೆಯಲ್ಲಿ ತರಗತಿ ತಪ್ಪದೆ ಮೇಲೇರುತ್ತಿದ್ದವಳನ್ನು ಮನೆಗೆಲಸಕ್ಕೆಂದು ಬಿಡಿಸಿದ್ದರು. ಸಾಕಿದವರ ಸಂಬಂಧಿಕನೇ ಅತ್ಯಾಚಾರ ಮಾಡಿದ. ಬಸಿರಾದವಳನ್ನು ಮಂದಬುದ್ಧಿಯವಳು, ನಡತೆಗೆಟ್ಟವಳು ಎಂದು ಹೇಳಿ ಆಶ್ರಯಧಾಮಕ್ಕೆ ಸೇರಿಸಿದರು. ಅವಳ ತಾಯಿ ಆಗಲೇ ಅಲ್ಲಿದ್ದಳು. ಹುಟ್ಟಿದ ಹಸುಳೆಯನ್ನು ನೋಡಿದ ಸಮಾಜ ಸೇವಕಿಯೊಬ್ಬಳು, ಮಗುವಿನ ನೋಟ ಅಷ್ಟು ಸರಿಯಿಲ್ಲ ಎಂದು ಸಾಕ್ಷಿ ಹೇಳಿದಳು. ಇಷ್ಟರ ಮೇಲೆ, 1927ರಲ್ಲಿ, ಕ್ಯಾರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 8-1ರಿಂದ ತೀರ್ಪಿತ್ತಿತು. ತೀರ್ಪು ಬರೆದ ಆಲಿವರ್ ವೆಂಡೆಲ್ ಹೋಮ್ಸ್ ಸಾಮಾನ್ಯ ನ್ಯಾಯಾಧೀಶನಲ್ಲ, ಅಮೆರಿಕದ ಕಾನೂನು ಪರಂಪರೆಯ ಅತಿ ಮೇಧಾವಿಗಳಲ್ಲಿ ಒಬ್ಬ ಎಂದು ಇಂದಿಗೂ ಹೆಸರಾದವನು. ಪೆದ್ದರ ಮೂರು ತಲೆಮಾರು ಸಾಕು ಎಂದು ಅವನು ಬರೆದ. ಆ ಮೂರನೆಯ ತಲೆಮಾರಿನ ಮಗು ವಿವಿಯನ್ ಶಾಲೆಗೆ ಸೇರಿ ಒಳ್ಳೆಯ ಅಂಕದವರ ಗೌರವ ಪಟ್ಟಿಯಲ್ಲಿ ಹೆಸರು ಪಡೆದಳು. ಎಂಟನೆಯ ವಯಸ್ಸಿಗೆ ಕಾಯಿಲೆಯಿಂದ ತೀರಿಕೊಂಡಳು.

ಈ ಕತೆಯನ್ನು ಹೇಳುವಾಗ ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ: ನೋಡಿ, ಕ್ಯಾರಿ ದಡ್ಡಿಯಾಗಿರಲಿಲ್ಲ, ಮಗಳೂ ದಡ್ಡಿಯಾಗಿರಲಿಲ್ಲ, ಎಂಥ ಅನ್ಯಾಯ! ನನಗೆ ಈ ವಾದ ಅರೆಬೆಂದದ್ದು ಅನಿಸುತ್ತದೆ. ಅವಳಿಗೆ ನಿಜವಾಗಿಯೂ ಬೌದ್ಧಿಕ ಅಂಗವೈಕಲ್ಯ ಇದ್ದಿದ್ದರೆ ಆ ಶಸ್ತ್ರಚಿಕಿತ್ಸೆ ಸರಿಯಾಗುತ್ತಿತ್ತೇ? ಗುರುತಿಸುವುದರಲ್ಲಿ ತಪ್ಪಾಯಿತು ಎಂದು ಮರುಗುವವರು, ಸರಿಯಾಗಿ ಗುರುತಿಸಿದವರ ಮೇಲೆ ಅದನ್ನು ಮಾಡಬಹುದು ಎಂದು ಗೊತ್ತಿಲ್ಲದೆಯೇ ಒಪ್ಪಿಕೊಂಡಂತೆ.

ಅಮೆರಿಕದಲ್ಲಿ ಹೀಗೆ ಅರವತ್ತು ಸಾವಿರಕ್ಕೂ ಹೆಚ್ಚು ಮಂದಿಯ ಸಂತಾನಶಕ್ತಿ ಕಿತ್ತುಕೊಂಡರು. ನಾಜಿ ಜರ್ಮನಿಯ 1933ರ ಕಾನೂನಿನ ಪಟ್ಟಿಯಲ್ಲಿ ಮೊದಲ ಕಾಯಿಲೆಯೇ ಹುಟ್ಟು ಮಂದಬುದ್ಧಿ. ಅಲ್ಲಿ ಸುಮಾರು ನಾಲ್ಕು ಲಕ್ಷ ಮಂದಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಅದರ ಬೆನ್ನಿಗೆ ವಿಷಾನಿಲದ ಕೋಣೆಗಳು ಬಂದವು. 1940-41ರಲ್ಲಿ ಸುಮಾರು 70,000 ಅಂಗವಿಕಲರನ್ನು ಮತ್ತು ಮಾನಸಿಕ ರೋಗಿಗಳನ್ನು ಅಲ್ಲಿ ಕೊಂದರು. ಹಿಟ್ಲರ್‌ನ ತಲೆಗೆ ಎಲ್ಲವನ್ನೂ ಕಟ್ಟಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಜನಕಲ್ಯಾಣಕ್ಕೆ ಹೆಸರಾದ ಸ್ವೀಡನ್ನಿನ ಇಂಥದೇ ಕಾನೂನು 1970ರ ದಶಕದವರೆಗೂ ಬದುಕಿತ್ತು. ಜಪಾನಿನಲ್ಲಿ 1948ರಿಂದ 1996ರವರೆಗೆ ಇದ್ದ ಕಾನೂನಿನಡಿ ಸುಮಾರು 25,000 ಮಂದಿಗೆ ಶಸ್ತ್ರಚಿಕಿತ್ಸೆ ಆಯಿತು. ಅವರಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಮಂದಿಯ ಒಪ್ಪಿಗೆ ಕೇಳಿರಲೇ ಇಲ್ಲ. ಅದು ಸಂವಿಧಾನಬಾಹಿರವಾಗಿತ್ತು, ಸರ್ಕಾರ ಪರಿಹಾರ ಕೊಡಬೇಕು ಎಂದು ಜಪಾನಿನ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಜುಲೈನಲ್ಲಿ. ದಾವೆ ಹೂಡಿದವರು ಅಷ್ಟರಲ್ಲಿ ಮುದುಕರಾಗಿದ್ದರು, ಕೆಲವರು ಸತ್ತೇಹೋಗಿದ್ದರು.

ಕ್ಯಾರಿಯ ಪ್ರಕರಣದ ಪಕ್ಕದಲ್ಲಿ ಇಟ್ಟು ನೋಡಬೇಕಾದ ಇನ್ನೊಂದು ತೀರ್ಪು ಭಾರತದ್ದು. 2009ರಲ್ಲಿ ಚಂಡೀಗಢದ ಸರ್ಕಾರಿ ಆಶ್ರಯದಲ್ಲಿದ್ದ, ಬೌದ್ಧಿಕ ಅಂಗವೈಕಲ್ಯದ ಅನಾಥ ಯುವತಿಯೊಬ್ಬಳು ಅಲ್ಲಿಯೇ ಅತ್ಯಾಚಾರಕ್ಕೊಳಗಾಗಿ ಬಸಿರಾದಳು. ಅವಳ ಹಿತಕ್ಕಾಗಿ ಎಂದು ಹೈಕೋರ್ಟ್ ಗರ್ಭಪಾತಕ್ಕೆ ಆದೇಶಿಸಿತು. ಅವಳು ಮಗು ಬೇಕು ಎನ್ನುತ್ತಿದ್ದಳು. ಸುಪ್ರೀಂ ಕೋರ್ಟ್ ಅವಳ ಮಾತನ್ನು ಎತ್ತಿಹಿಡಿಯಿತು. ವಯಸ್ಕ ಹೆಣ್ಣಿನ ಒಪ್ಪಿಗೆಯಿಲ್ಲದೆ ಗರ್ಭ ತೆಗೆಯಲು ಕಾನೂನು ಬಿಡುವುದಿಲ್ಲ, ಬೌದ್ಧಿಕ ಅಂಗವೈಕಲ್ಯ ಇದೆ ಎಂಬ ಮಾತ್ರಕ್ಕೆ ಆ ಒಪ್ಪಿಗೆ ಬೇಡವಾಗುವುದಿಲ್ಲ ಎಂದಿತು. ಗಮನಿಸಿ, ಅವಳ ಐಕ್ಯೂ ಅಂದುಕೊಂಡದ್ದಕ್ಕಿಂತ ಹೆಚ್ಚಿದೆ ಎಂದು ನ್ಯಾಯಾಲಯ ಹೇಳಲಿಲ್ಲ. ವೈಕಲ್ಯ ಇದೆ ಎಂದು ಒಪ್ಪಿಯೇ, ನಿರ್ಧಾರ ಅವಳದು ಎಂದಿತು. ಈ ತೀರ್ಪಿಗೂ ಆಗ ಟೀಕೆ ಬಂತು, ತಾಯಿತನದ ಹೊಣೆ ಅವಳಿಂದ ಆದೀತೇ ಎಂದು. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಅದಕ್ಕೆ ಉತ್ತರವಾಗಿ ನೆರವು ಕೊಡಬೇಕು, ಹೊಟ್ಟೆ ಕೊಯ್ಯುವುದಲ್ಲ.

ಇಂಥ ಮಾತಿಗೆ ಸಮಾಜ ಸುಲಭವಾಗಿ ತಲೆದೂಗುವುದಿಲ್ಲ. ಬುದ್ಧಿಯ ಬಗ್ಗೆ ನಮಗಿರುವ ಗೌರವದೊಳಗೇ ಒಂದು ತಿರಸ್ಕಾರ ಸೇರಿಕೊಂಡಿದೆ. 'ಜಾಣನಿಗೆ ಮಾತಿನ ಪೆಟ್ಟು, ದಡ್ಡನಿಗೆ ದೊಣ್ಣೆ ಪೆಟ್ಟು' ಎಂಬ ಗಾದೆಯನ್ನು ಎಲ್ಲರೂ ನಗುತ್ತಲೇ ಹೇಳುತ್ತೇವೆ. ಬೇಗ ಅರ್ಥವಾಗದವನನ್ನು ಹೊಡೆಯಬಹುದು ಎಂಬುದು ಅದರ ಸಾರ. ಜಾತಿ ಹಿಡಿದು, ಬಣ್ಣ ಹಿಡಿದು ಬೈಯುವುದಕ್ಕೆ ನಾಲಗೆ ಕಚ್ಚಿಕೊಳ್ಳುವ ಸಭ್ಯರು ಕೂಡ ಎದುರಾಳಿಯನ್ನು ಪೆದ್ದ ಎನ್ನಲು ಹಿಂಜರಿಯುವುದಿಲ್ಲ. ಓದಿದವರ ನಡುವೆ ಸಂಕೋಚವಿಲ್ಲದೆ ಉಳಿದುಕೊಂಡಿರುವ ಕೊನೆಯ ಮೇಲರಿಮೆ ಇದು. ಬುದ್ಧಿವಂತರೇ ಪತ್ರಿಕೆ ನಡೆಸುವವರು, ಕಾನೂನು ಬರೆಯುವವರು, ಪರೀಕ್ಷೆ ತಯಾರಿಸುವವರು. ತಮ್ಮ ಬಳಿ ಹೆಚ್ಚಿರುವ ವಸ್ತುವೇ ಜಗತ್ತಿನಲ್ಲಿ ಹೆಚ್ಚು ಬೆಲೆಯದು ಎಂದು ಅವರಿಗೆ ತೋರುವುದು ಸಹಜ ತಾನೇ.

ಕರುಣೆಯ ಮಾತಿನಲ್ಲೂ ಈ ತಿರಸ್ಕಾರ ನುಸುಳುತ್ತದೆ. ನಲವತ್ತು ದಾಟಿದ ಹೆಂಗಸಿನ ಬಗ್ಗೆ 'ಅವಳಿಗೆ ಐದು ವರ್ಷದ ಮಗುವಿನ ಬುದ್ಧಿ' ಎನ್ನುವುದು ಸಾಮಾನ್ಯ. ವೈದ್ಯರೂ ಎನ್ನುತ್ತಾರೆ, ತಂದೆತಾಯಿಯೂ ಎನ್ನುತ್ತಾರೆ. ಒಗಟು ಬಿಡಿಸುವುದರಲ್ಲಿ, ಪದ ಜೋಡಿಸುವುದರಲ್ಲಿ ಅವಳ ಅಂಕ ಐದು ವರ್ಷದ ಮಕ್ಕಳ ಸರಾಸರಿಗೆ ಹೊಂದಿರಬಹುದು. ಆದರೆ ಐದು ವರ್ಷದ ಮಗು ಇಪ್ಪತ್ತು ವರ್ಷ ಅದೇ ಬೀದಿಯಲ್ಲಿ ಓಡಾಡಿರುವುದಿಲ್ಲ. ತಂದೆಯ ಸಾವು ಕಂಡಿರುವುದಿಲ್ಲ. ಯಾರು ನಂಬಿಗಸ್ತರು, ಯಾರು ಕೈ ಎಳೆಯುವವರು ಎಂದು ಅನುಭವದಿಂದ ತಿಳಿದಿರುವುದಿಲ್ಲ. ಅವಳ ಮೈ ದೊಡ್ಡವಳದು, ಬಯಕೆಗಳೂ ದೊಡ್ಡವಳವು. ಮಗು ಎಂದು ಕರೆದ ಕೂಡಲೇ ಇವೆಲ್ಲ ಅಳಿಸಿಹೋಗುತ್ತವೆ. ಮಗುವಿನ ಕೋಣೆಗೆ ಬಾಗಿಲು ತಟ್ಟಿ ಹೋಗಬೇಕಾಗಿಲ್ಲ, ಮಗುವಿನ ದುಡ್ಡನ್ನು ಅದರ ಕೈಗೆ ಕೊಡಬೇಕಾಗಿಲ್ಲ, ಮದುವೆಯ ಮಾತಂತೂ ಬೇಡವೇ ಬೇಡ. ಮೈಯ ಬಗ್ಗೆ, ಮುಟ್ಟುವುದರ ಬಗ್ಗೆ ಏನೂ ಹೇಳಿಕೊಡುವುದಿಲ್ಲ. ಆಮೇಲೆ ಅವಳನ್ನು ಯಾರಾದರೂ ದುರುಪಯೋಗ ಮಾಡಿಕೊಂಡರೆ, ನೋಡಿ, ಅವಳಿಗೆ ಏನೂ ತಿಳಿಯುವುದಿಲ್ಲ ಎನ್ನುತ್ತೇವೆ. ಇಂದಿನ ವೈದ್ಯಕೀಯ ವ್ಯಾಖ್ಯಾನವೂ ಐಕ್ಯೂ ಒಂದನ್ನೇ ನೋಡುವುದಿಲ್ಲ. ದಿನದ ಬದುಕಿನಲ್ಲಿ ಎಷ್ಟು ಮಾಡಿಕೊಳ್ಳುತ್ತಾರೆ, ಎಷ್ಟಕ್ಕೆ ನೆರವು ಬೇಕು ಎಂಬುದನ್ನು ಅದರ ಜೊತೆಗೆ ಕೇಳುತ್ತದೆ. ಅಮೆರಿಕದ ಮನೋವೈದ್ಯರ 2013ರ ಕೈಪಿಡಿ ತೀವ್ರತೆಯ ದರ್ಜೆಯನ್ನೂ ಅಂಕದ ಬದಲು ಇದರ ಮೇಲೆಯೇ ನಿಲ್ಲಿಸಿತು. ಆದರೂ ಮಾನಸಿಕ ವಯಸ್ಸಿನ ಮಾತು ಬಾಯಿಂದ ಹೋಗುವಂತೆ ಕಾಣುವುದಿಲ್ಲ.

ಆಸ್ಪತ್ರೆಯಲ್ಲಿ ಇದರ ಬೆಲೆ ಜೀವದಲ್ಲಿ ತೆರಬೇಕಾಗುತ್ತದೆ. ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯಸ್ಸು ಅಮೆರಿಕದಲ್ಲಿ 1980ರ ದಶಕದ ಆರಂಭಕ್ಕೆ 25 ವರ್ಷದ ಆಸುಪಾಸು ಇತ್ತು, ಈಗ 60ರ ಹತ್ತಿರ. ಅದಕ್ಕೆ ಕಾರಣವಾದ ಇಪ್ಪತ್ತೊಂದನೆಯ ವರ್ಣತಂತುವಿನ ಮೂರನೆಯ ಪ್ರತಿಯನ್ನು ತೆಗೆದುಹಾಕುವ ವಿದ್ಯೆಯನ್ನೇನೂ ಯಾರೂ ಕಂಡುಹಿಡಿಯಲಿಲ್ಲ. ಇಂಥ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಹೃದಯದ ದೋಷ ಇರುತ್ತದೆ. ಅದು ಶಸ್ತ್ರಚಿಕಿತ್ಸೆಯಿಂದ ಸರಿಹೋಗುವಂಥದ್ದು, ಆದರೆ ಈ ಮಕ್ಕಳಿಗೆ ಮಾಡುತ್ತಿರಲಿಲ್ಲ. 1982ರಲ್ಲಿ ಇಂಡಿಯಾನಾದಲ್ಲಿ ಅನ್ನನಾಳ ಮುಚ್ಚಿಹೋಗಿ ಹುಟ್ಟಿದ ಹಸುಳೆಗೆ ಡೌನ್ ಸಿಂಡ್ರೋಮ್ ಇತ್ತೆಂಬ ಕಾರಣಕ್ಕೆ ತಂದೆತಾಯಿ ಶಸ್ತ್ರಚಿಕಿತ್ಸೆ ಬೇಡವೆಂದರು, ನ್ಯಾಯಾಲಯವೂ ಅಡ್ಡಬರಲಿಲ್ಲ. ಮಗು ಆರು ದಿನ ಬದುಕಿ ಸತ್ತಿತು. ಆ ಗದ್ದಲದಿಂದಲೇ ಎರಡು ವರ್ಷದಲ್ಲಿ ಕಾನೂನು ಬಿಗಿಯಾಯಿತು. ಈಗ ಅಷ್ಟು ಬಹಿರಂಗವಾಗಿ ನಡೆಯುವುದಿಲ್ಲ. ಹೊಟ್ಟೆನೋವೆಂದು ಒದ್ದಾಡುವವರನ್ನು 'ಅವರ ಸ್ವಭಾವವೇ ಹಾಗೆ, ಕೂಗುತ್ತಾರೆ' ಎಂದು ಕಳಿಸಿಬಿಡುವುದು ಇಂದಿನ ರೀತಿ. ಕೋವಿಡ್ ಮೊದಲ ಅಲೆಯಲ್ಲಿ ಇಂಗ್ಲೆಂಡಿನಲ್ಲಿ ಬೌದ್ಧಿಕ ಅಂಗವೈಕಲ್ಯ ಇದ್ದವರ ಸಾವಿನ ಪ್ರಮಾಣ ಉಳಿದವರಿಗಿಂತ ಮೂರು ಪಟ್ಟಿಗೂ ಹೆಚ್ಚಿತ್ತು ಎಂದು ಸರ್ಕಾರದ ಆರೋಗ್ಯ ಸಂಸ್ಥೆಯೇ ಲೆಕ್ಕ ಕೊಟ್ಟಿತು.

ಇದಕ್ಕೆಲ್ಲ ಒಳ್ಳೆಯ ಮನಸ್ಸಿನವರು ಕೊಡುವ ಉತ್ತರವೊಂದಿದೆ: ಅವರಲ್ಲೂ ಪ್ರತಿಭೆ ಇದೆ, ಅವಕಾಶ ಕೊಟ್ಟು ನೋಡಿ. ಪದವಿ ಪಡೆದವರ, ಚಿತ್ರ ಬರೆಯುವವರ, ಪದಕ ಗೆದ್ದವರ ಸುದ್ದಿ ಬರುತ್ತದೆ. ಅವಕಾಶ ಕೊಟ್ಟರೆ ಕಲಿಯುತ್ತಾರೆ ಎಂಬುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಈ ಸುದ್ದಿಗಳು ಹಳೆಯ ಅಳತೆಗೋಲನ್ನೇ ಹಿಡಿದಿವೆ. ಸಾಧಿಸಿ ತೋರಿಸಿದವರಿಗೆ ಗೌರವ, ತೋರಿಸಲಾಗದವರಿಗೆ? ಮಾತೇ ಆಡದ, ಊಟ ತಿನ್ನಿಸಬೇಕಾದ ವ್ಯಕ್ತಿಯ ಪಾಲಿಗೆ ಆ ಪದವೀಧರನ ಭಾವಚಿತ್ರದಿಂದ ಏನು ಬದಲಾಗುತ್ತದೆ?

ತತ್ವಜ್ಞಾನಿಗಳೂ ಈ ಪ್ರಶ್ನೆಯನ್ನು ಮುಂದೂಡಿಕೊಂಡೇ ಬಂದರು. ಮನುಷ್ಯನ ಘನತೆಯನ್ನು ವಿವೇಕದ ಮೇಲೆ ನಿಲ್ಲಿಸಿದ ಪಶ್ಚಿಮದ ಚಿಂತನೆ, ವಿವೇಕ ಕಡಿಮೆ ಇದ್ದವರ ಮುಂದೆ ತಡವರಿಸುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ನ್ಯಾಯದ ಬಗ್ಗೆ ಅತಿ ಪ್ರಭಾವಶಾಲಿಯಾಗಿ ಬರೆದ ಜಾನ್ ರಾಲ್ಸ್ ಕೂಡ, ಸಮಾಜಕ್ಕೆ ಪೂರ್ತಿ ಸಹಕರಿಸಬಲ್ಲವರನ್ನೇ ಮೊದಲು ಊಹಿಸಿಕೊಂಡು, ಉಳಿದವರ ವಿಷಯ ಆಮೇಲೆ ನೋಡೋಣ ಎಂದ. ತೀವ್ರ ವೈಕಲ್ಯದ ಮಗಳನ್ನು ಬೆಳೆಸಿದ ಈವಾ ಕಿಟ್ಟೇ ಎಂಬ ತತ್ವಜ್ಞಾನಿ ಅದನ್ನು ನೇರವಾಗಿ ಪ್ರಶ್ನಿಸಿದರು. ಎಲ್ಲರೂ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಪೂರ್ತಿ ಇನ್ನೊಬ್ಬರ ಆಸರೆಯಲ್ಲೇ ಇರುತ್ತೇವೆ, ಅದನ್ನು ಹೊರಗಿಟ್ಟು ಕಟ್ಟಿದ ನ್ಯಾಯ ಎಂಥದ್ದು ಎಂಬುದು ಅವರ ತಕರಾರು.

ಈ ಕಾಲದಲ್ಲಿ ನಿಂತು ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ವೈದ್ಯರ, ವಕೀಲರ ಪ್ರವೇಶ ಪರೀಕ್ಷೆಗಳನ್ನು ಯಂತ್ರಗಳು ಈಗ ಪಾಸು ಮಾಡುತ್ತಿವೆ. ಅವುಗಳಿಗೆ ಮತದಾನದ ಹಕ್ಕು ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಹೆಚ್ಚು ಅಂಕಕ್ಕೆ ಹಕ್ಕು ಸಿಗುವುದಿಲ್ಲ ಎಂದಾದರೆ ಕಡಿಮೆ ಅಂಕಕ್ಕೆ ಹಕ್ಕು ಹೋಗುವುದು ಯಾವ ತರ್ಕ?

ಹೋಗುತ್ತಲೇ ಇದೆ ಎಂಬುದೇ ಇಂದಿನ ಮುಖ್ಯ ಜಗಳ. ಹದಿನೆಂಟು ತುಂಬಿದವರ ಪರವಾಗಿ ಗಾರ್ಡಿಯನ್ ಒಬ್ಬರನ್ನು ನೇಮಿಸಿ, ಬ್ಯಾಂಕು, ಆಸ್ತಿ, ಚಿಕಿತ್ಸೆ, ವಾಸ ಎಲ್ಲವನ್ನೂ ಅವರ ಕೈಗೆ ಕೊಡುವ ವ್ಯವಸ್ಥೆ ಬಹುಪಾಲು ದೇಶಗಳಲ್ಲಿ ಇದೆ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಇದನ್ನು ತಲೆಕೆಳಗು ಮಾಡಿತು. ಕಾನೂನಿನ ಕಣ್ಣಿಗೆ ನಿರ್ಧಾರದ ಅಧಿಕಾರ ಎಲ್ಲರಿಗೂ ಇದೆ, ಅದನ್ನು ಚಲಾಯಿಸಲು ಬೇಕಾದ ನೆರವು ಕೊಡುವುದು ಸರ್ಕಾರದ ಕೆಲಸ ಎಂದಿತು. ನೆರವು ಎಂದರೆ ದೊಡ್ಡ ರಹಸ್ಯವೇನಲ್ಲ. ಸುಲಭ ಭಾಷೆಯ ಅರ್ಜಿ, ಚಿತ್ರಗಳು, ಹೆಚ್ಚಿನ ಸಮಯ, ತಾನೇ ಆರಿಸಿಕೊಂಡ ನಂಬಿಗಸ್ತ ವ್ಯಕ್ತಿ ಪಕ್ಕದಲ್ಲಿ ಕೂತು ವಿವರಿಸುವುದು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ 1996ರ ಕಾನೂನು ಇದಕ್ಕೆ ಮೊದಲೇ ದಾರಿ ತೋರಿಸಿತ್ತು. ಅಲ್ಲಿ ಪ್ರತಿನಿಧಿಯನ್ನು ಆರಿಸಿಕೊಳ್ಳಲು ಬುದ್ಧಿಯ ಪರೀಕ್ಷೆ ಪಾಸಾಗಬೇಕಿಲ್ಲ. ಆ ವ್ಯಕ್ತಿ ತನ್ನ ಇಷ್ಟಾನಿಷ್ಟ ತೋರಿಸುತ್ತಾನೆಯೇ, ಇಬ್ಬರ ನಡುವೆ ನಂಬಿಕೆ ಇದೆಯೇ ಎಂದು ನೋಡುತ್ತಾರೆ. ಪೆರು 2018ರಲ್ಲಿ, ಕೊಲಂಬಿಯಾ 2019ರಲ್ಲಿ, ಸ್ಪೇನ್ 2021ರಲ್ಲಿ ಕಾನೂನು ಬದಲಿಸಿಕೊಂಡವು. ಮತದಾನದಲ್ಲೂ ಹೀಗೆಯೇ ಆಯಿತು. ಸ್ಪೇನ್ 2018ರಲ್ಲಿ ಸುಮಾರು ಒಂದು ಲಕ್ಷ ಮಂದಿಗೆ ಮತದ ಹಕ್ಕು ಹಿಂದಿರುಗಿಸಿತು, ಜರ್ಮನಿಯ ಸಂವಿಧಾನ ನ್ಯಾಯಾಲಯ 2019ರಲ್ಲಿ ಸುಮಾರು 85,000 ಮಂದಿಯನ್ನು ಹೊರಗಿಟ್ಟಿದ್ದ ನಿಯಮವನ್ನು ಸಂವಿಧಾನಬಾಹಿರ ಎಂದಿತು. ಅವರು ಬೇರೆಯವರು ಹೇಳಿದಂತೆ ಮತ ಹಾಕುತ್ತಾರೆ ಎಂಬ ಆಕ್ಷೇಪ ಕೇಳಿಬರುತ್ತದೆ. ಮನೆಯವರು, ಗೆಳೆಯರು, ಟೀವಿ ಹೇಳಿದ್ದನ್ನು ಕೇಳದೆ ಮತ ಹಾಕುವವರನ್ನು ನಾನಂತೂ ಇನ್ನೂ ಕಂಡಿಲ್ಲ.

ಆಕ್ಷೇಪಗಳೆಲ್ಲ ಇಷ್ಟು ಹಗುರವಲ್ಲ. ಮೋಸಗಾರ ನೆಂಟ ಆಸ್ತಿ ಬರೆಸಿಕೊಂಡರೆ? ಪ್ರಾಣಕ್ಕೆ ಕುತ್ತಾಗುವ ಕಾಯಿಲೆಗೆ ಚಿಕಿತ್ಸೆ ಬೇಡವೆಂದರೆ? ಯಾವ ಸನ್ನೆಗೂ ಖಚಿತ ಅರ್ಥ ಹೇಳಲಾಗದಷ್ಟು ತೀವ್ರ ವೈಕಲ್ಯ ಇದ್ದರೆ? ವಿಶ್ವಸಂಸ್ಥೆಯ ಸಮಿತಿ 2014ರಲ್ಲಿ ಕೊಟ್ಟ ವಿವರಣೆಯ ಪ್ರಕಾರ, ಅಂಥ ಸಂದರ್ಭದಲ್ಲೂ ಆ ವ್ಯಕ್ತಿಯ ಇಚ್ಛೆಯನ್ನು ಆದಷ್ಟು ಸರಿಯಾಗಿ ಅರ್ಥಮಾಡಿಕೊಂಡು ನಡೆಯಬೇಕು, ಹಿತದ ಹೆಸರಲ್ಲಿ ಬೇರೆಯವರ ತೀರ್ಮಾನ ಹೇರಬಾರದು. ನನಗೆ ಇದು ಪೂರ್ತಿ ಒಪ್ಪಿಗೆಯಾಗಿಲ್ಲ. ಕೆಲವು ಸಲ ನಿರ್ಧರಿಸುವವರು ಬೇರೆಯವರೇ ಆಗಿರುತ್ತಾರೆ. ಅದನ್ನು ಆ ವ್ಯಕ್ತಿಯ ಇಚ್ಛೆ ಎಂದು ಕರೆದರೆ ಹೊಣೆ ಮರೆಯಾಗುತ್ತದೆ, ಅಷ್ಟೇ. ಆದರೆ ಇಷ್ಟು ತೀವ್ರ ವೈಕಲ್ಯ ಇರುವವರು ಕೆಲವೇ ಮಂದಿ. ಬೌದ್ಧಿಕ ಅಂಗವೈಕಲ್ಯ ಇರುವವರಲ್ಲಿ ಶೇ 85ರಷ್ಟು ಮಂದಿಯದು ಸೌಮ್ಯ ಸ್ವರೂಪದ್ದು ಎಂಬುದು ಮನೋವೈದ್ಯರು ಬಹುಕಾಲದಿಂದ ಹೇಳುತ್ತ ಬಂದಿರುವ ಲೆಕ್ಕ. ಆ ಕೆಲವರ ಉದಾಹರಣೆ ಮುಂದೆ ಮಾಡಿ ಉಳಿದೆಲ್ಲರ ಸಹಿಯನ್ನು ಕಿತ್ತುಕೊಳ್ಳುವುದು ನಡೆದೇ ಇದೆ. ಇನ್ನು ರಕ್ಷಣೆಯ ಮಾತು: ಕ್ಯಾರಿ ಬಕ್ ರಕ್ಷಣೆಯಲ್ಲೇ ಇದ್ದಳು, ಚಂಡೀಗಢದ ಯುವತಿಯೂ.

ಸರ್ಕಾರಗಳು ಹಿಂಜರಿಯುವುದಕ್ಕೆ ತತ್ವಕ್ಕಿಂತ ಖರ್ಚು ದೊಡ್ಡ ಕಾರಣ ಎಂದು ನನ್ನ ಅನುಮಾನ. ಗಾರ್ಡಿಯನ್ ನೇಮಕ ಒಂದು ಆದೇಶದಲ್ಲಿ ಮುಗಿಯುತ್ತದೆ. ನೆರವಿಗೆ ಮನುಷ್ಯರು ಬೇಕು, ಅವರಿಗೆ ತರಬೇತಿ, ಸಂಬಳ, ಅವರ ಮೇಲೊಂದು ಕಣ್ಣು ಬೇಕು, ಅದೂ ವರ್ಷ ವರ್ಷ. ಕೆನಡಾ 2010ರಲ್ಲಿ ಒಡಂಬಡಿಕೆಯನ್ನು ಅನುಮೋದಿಸುವಾಗ, ಸೂಕ್ತ ಸಂದರ್ಭಗಳಲ್ಲಿ ಬದಲಿ ನಿರ್ಧಾರದ, ಅಂದರೆ ಆ ವ್ಯಕ್ತಿಯ ಪರವಾಗಿ ಬೇರೆಯವರೇ ನಿರ್ಧರಿಸುವ ಪದ್ಧತಿಯನ್ನು ಉಳಿಸಿಕೊಳ್ಳುತ್ತೇವೆ ಎಂದು ಷರತ್ತು ಬರೆಯಿತು. ಆಸ್ಟ್ರೇಲಿಯಾವೂ ಅಂಥದೇ ಹೇಳಿಕೆ ಸೇರಿಸಿತು. ಎರಡೂ ದೇಶಗಳು ಆ ಮಾತನ್ನು ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.